ಯಾವ ಫೋನಿಗೆ ಟವರ್ ಚೆನ್ನಾಗಿ ಸಿಗುತ್ತದೆ?

ಮಕ್ಕಳೇ, ಈ ಮಾತನ್ನು ನೀವೆಲ್ಲರೂ ಕೇಳಿಯೇ ಇರುತ್ತೀರಿ: “ನಮ್ಮ ಫೋನಿಗೆ ಟವರ್ ಸಿಗಲ್ಲ, ಪಕ್ಕದ ಮನೆಯವರದ್ದಕ್ಕೆ ಚೆನ್ನಾಗಿ ಸಿಗುತ್ತೆ.” ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, “ಈ ಕಂಪನಿ ಫೋನು ನೆಟ್‌ವರ್ಕ್ ಎಳೆಯುತ್ತೆ, ಆ ಕಂಪನಿದು ಎಳೆಯಲ್ಲ” ಎಂದು ತೀರ್ಪನ್ನೇ ಕೊಟ್ಟುಬಿಡುತ್ತಾರೆ. ಅಂಗಡಿಯಲ್ಲಿ ಹೊಸ ಫೋನು ಕೊಳ್ಳುವಾಗಲೂ ಇದೇ ಮಾತು. ಬಾವಿಯಿಂದ ನೀರು ಸೇದಿದ ಹಾಗೆ ಫೋನು ಸಂಕೇತವನ್ನು ನಿಜವಾಗಿ ‘ಎಳೆಯು’ತ್ತದೆಯೇ? ಒಂದು ಫೋನಿಗೂ ಇನ್ನೊಂದಕ್ಕೂ ವ್ಯತ್ಯಾಸ ಇರುವುದು ಹೌದೇ? ಇದ್ದರೆ ಎಷ್ಟು? ಈ ಪ್ರಶ್ನೆಗಳಿಗೆ ಮಾತಿನಿಂದ ಉತ್ತರ ಸಿಗುವುದಿಲ್ಲ. ಅಳತೆಯಿಂದ ಸಿಗುತ್ತದೆ. ಅಳತೆಯನ್ನು ನೀವೇ ಮಾಡಬಹುದು.

ನಾನು ಜಿಲ್ಲೆಯ ವಿಜ್ಞಾನ ಸಂಪನ್ಮೂಲ ಶಿಕ್ಷಕಿ. ಚೀಲದಲ್ಲಿ ಆಯಸ್ಕಾಂತ, ಮಸೂರ, ತಾಮ್ರದ ತಂತಿ ತುಂಬಿಕೊಂಡು ಶಾಲೆಯಿಂದ ಶಾಲೆಗೆ ಹೋಗುವುದು ನನ್ನ ಕೆಲಸ. ಮಳೆಗಾಲ ಮುಗಿದ ಮೇಲೆ ಒಮ್ಮೆ ಹೊಸನಗರ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಹೋಗಿದ್ದೆ. ಆ ದಿನದ ಪಾಠ ಆಯಸ್ಕಾಂತದ ಬಗ್ಗೆ. ಪಾಠ ಮುಗಿದ ಮೇಲೆ ಏಳನೇ ತರಗತಿಯ ಒಬ್ಬ ಹುಡುಗಿ ಹತ್ತಿರ ಬಂದು ಮೆಲ್ಲಗೆ ಕೇಳಿದಳು: “ಮೇಡಂ, ಹೊಸ ಫೋನು ತಗೊಂಡ್ರೆ ಮನೆಯಲ್ಲೇ ಟವರ್ ಸಿಗುತ್ತಾ?”

ಏಕೆ ಕೇಳಿದೆ ಎಂದು ವಿಚಾರಿಸಿದೆ. ಅವಳ ಅಜ್ಜಿಗೆ ಉಬ್ಬಸ. ಆ ವರ್ಷದ ಆಷಾಢದಲ್ಲಿ ಒಂದು ರಾತ್ರಿ ಅಜ್ಜಿಗೆ ಉಸಿರು ಕಟ್ಟಿದಂತಾಯಿತು. 108ಕ್ಕೆ ಕರೆ ಮಾಡಲು ಮನೆಯಲ್ಲಿ ಟವರ್ ಇರಲಿಲ್ಲ. ಅಪ್ಪ ಮಳೆಯಲ್ಲಿ ಟಾರ್ಚು ಹಿಡಿದು ಮನೆಯ ಹಿಂದಿನ ಗುಡ್ಡ ಹತ್ತಿ ಕರೆ ಮಾಡಿ ಬರುವಷ್ಟರಲ್ಲಿ ಅರ್ಧ ಗಂಟೆಯಾಗಿತ್ತು. ಅಜ್ಜಿ ಚೇತರಿಸಿಕೊಂಡರು. ಆದರೆ ಅಪ್ಪನಿಗೆ ಅಂದಿನಿಂದ ಒಂದೇ ಯೋಚನೆ. ಪೇಟೆಯ ಅಂಗಡಿಯವರು 16,000 ರೂಪಾಯಿಯ ಹೊಸ ಫೋನು ತೋರಿಸಿ “ಇದು ಎಲ್ಲಿದ್ರೂ ಟವರ್ ಎಳೆಯುತ್ತೆ” ಎಂದಿದ್ದರಂತೆ. ಕಂತಿನಲ್ಲಿ ಕೊಳ್ಳುವ ಮಾತು ನಡೆದಿತ್ತು. ಅಪ್ಪ ಅಮ್ಮ ಇಬ್ಬರೂ ಅಡಿಕೆ ತೋಟದ ಕೂಲಿಗೆ ಹೋಗುವವರು. 16,000 ರೂಪಾಯಿ ಎಂದರೆ ಅವರಿಗೆ ಎಷ್ಟು ದಿನದ ದುಡಿಮೆ ಎಂದು ಆ ಹುಡುಗಿಗೆ ಚೆನ್ನಾಗಿ ಗೊತ್ತಿತ್ತು.

ಹೌದು ಅಥವಾ ಇಲ್ಲ ಎಂದು ಹೇಳಿ ಮುಗಿಸುವ ಪ್ರಶ್ನೆ ಅದಾಗಿರಲಿಲ್ಲ. “ಅಳೆದು ನೋಡೋಣ” ಎಂದೆ.

ಅಲೆಗಳು ಬರುವ ದಾರಿ

ಅಳೆಯುವ ಮೊದಲು ಏನನ್ನು ಅಳೆಯುತ್ತಿದ್ದೇವೆ ಎಂದು ತಿಳಿದುಕೊಳ್ಳಬೇಕಲ್ಲವೇ?

ಮೊಬೈಲ್ ಗೋಪುರಕ್ಕೂ ಫೋನಿಗೂ ನಡುವೆ ಓಡಾಡುವುದು ರೇಡಿಯೋ ತರಂಗಗಳು. ಇವು ಬೆಳಕಿನ ಬಂಧುಗಳೇ. ಎರಡೂ ವಿದ್ಯುತ್ಕಾಂತೀಯ ತರಂಗಗಳು. ಎರಡರ ವೇಗವೂ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್. ನಮ್ಮ ಕಣ್ಣಿಗೆ ಬೆಳಕು ಕಾಣುತ್ತದೆ, ರೇಡಿಯೋ ತರಂಗ ಕಾಣುವುದಿಲ್ಲ, ಅಷ್ಟೇ. ಇಂಥ ತರಂಗಗಳು ಇವೆ ಎಂದು ಪ್ರಯೋಗದಿಂದ ಮೊದಲು ತೋರಿಸಿದವರು ಜರ್ಮನಿಯ ಹೈನ್ರಿಚ್ ಹರ್ಟ್ಸ್. ಅದು 1887-88ರ ಮಾತು. ಕೆಲವೇ ವರ್ಷಗಳಲ್ಲಿ, 1895ರಲ್ಲಿ, ನಮ್ಮವರೇ ಆದ ಜಗದೀಶ ಚಂದ್ರ ಬೋಸರು ಕೊಲ್ಕತ್ತದಲ್ಲಿ ಜನರ ಎದುರಿನಲ್ಲೇ ಈ ತರಂಗಗಳ ನೆರವಿನಿಂದ ದೂರದಲ್ಲಿದ್ದ ಗಂಟೆಯನ್ನು ಬಾರಿಸಿ, ಮದ್ದಿನ ಪುಡಿಯನ್ನು ಸಿಡಿಸಿ ತೋರಿಸಿದರು. ನಡುವೆ ಯಾವ ತಂತಿಯೂ ಇರಲಿಲ್ಲ.

ಒಂದು ಸೆಕೆಂಡಿನಲ್ಲಿ ಎಷ್ಟು ಅಲೆಗಳು ಏಳುತ್ತವೆ ಎಂಬುದು ಆವೃತ್ತಿ. ಅದರ ಏಕಮಾನಕ್ಕೆ ಹರ್ಟ್ಸ್ ಅವರ ಹೆಸರನ್ನೇ ಇಟ್ಟಿದ್ದಾರೆ. ಒಂದು ಅಲೆಯ ಉದ್ದವೇ ತರಂಗದೂರ. ಆವೃತ್ತಿ ಹೆಚ್ಚಿದಂತೆ ತರಂಗದೂರ ಕಡಿಮೆಯಾಗುತ್ತದೆ. ಕೆಲವು ಉದಾಹರಣೆ ನೋಡಿ. 900 ಮೆಗಾಹರ್ಟ್ಸ್‌ನ ಅಲೆಯ ಉದ್ದ ಸುಮಾರು 33 ಸೆಂಟಿಮೀಟರ್. ನಿಮ್ಮ ಅಳತೆಪಟ್ಟಿಗಿಂತ ತುಸು ಹೆಚ್ಚು. 2300 ಮೆಗಾಹರ್ಟ್ಸ್‌ನದು ಸುಮಾರು 13 ಸೆಂಟಿಮೀಟರ್. ವೈ-ಫೈ ಬಳಸುವ 2.4 ಗಿಗಾಹರ್ಟ್ಸ್‌ನದು ಸುಮಾರು 12.5 ಸೆಂಟಿಮೀಟರ್. ವೈ-ಫೈನ ಇನ್ನೊಂದು ಪಟ್ಟಿಯಾದ 5 ಗಿಗಾಹರ್ಟ್ಸ್‌ನದು ಸುಮಾರು 6 ಸೆಂಟಿಮೀಟರ್, ಅಂದರೆ ನಿಮ್ಮ ಬೆರಳಿನಷ್ಟು.

ಉದ್ದದ ಅಲೆಗಳಿಗೆ ಒಂದು ಅನುಕೂಲವಿದೆ. ಅವು ಗುಡ್ಡದ ಅಂಚಿನಲ್ಲಿ, ಕಟ್ಟಡದ ಮೂಲೆಯಲ್ಲಿ ಸ್ವಲ್ಪ ಹೆಚ್ಚು ಬಾಗಿ ಹೋಗಬಲ್ಲವು. ಇದಕ್ಕೆ ವಿವರ್ತನೆ ಎನ್ನುತ್ತಾರೆ. ಗೋಡೆಯನ್ನು ದಾಟುವಾಗಲೂ ಅವು ಸಾಮಾನ್ಯವಾಗಿ ಕಡಿಮೆ ಸೊರಗುತ್ತವೆ. ಕಿರಿಯ ಅಲೆಗಳು ಹೆಚ್ಚು ಮಾಹಿತಿಯನ್ನು ಹೊರುವ ಅಗಲವಾದ ಪಟ್ಟಿಗಳಲ್ಲಿ ಸಿಗುತ್ತವೆ, ಆದರೆ ಅಡ್ಡಿ ಬಂದಲ್ಲಿ ಬೇಗ ಸೋಲುತ್ತವೆ. ಲೋಹದ ತಗಡು ಎರಡನ್ನೂ ಹಿಂದಕ್ಕೆ ತಳ್ಳುತ್ತದೆ. ಕನ್ನಡಿ ಬೆಳಕನ್ನು ಪ್ರತಿಫಲಿಸುವಂತೆಯೇ ಇದು. ನೀರು ಅವನ್ನು ಹೀರಿಕೊಳ್ಳುತ್ತದೆ. ಒದ್ದೆ ಎಲೆಗಳ ದಟ್ಟ ಕಾಡು, ನೀರಿನ ಟ್ಯಾಂಕು, ಇಷ್ಟೇ ಏಕೆ, ಬಹುಪಾಲು ನೀರೇ ಆಗಿರುವ ನಮ್ಮ ದೇಹವೂ ಹೀರಿಕೊಳ್ಳುತ್ತದೆ.

ಆದ್ದರಿಂದ ಫೋನು ಯಾವುದನ್ನೂ ‘ಎಳೆಯುವುದಿಲ್ಲ’. ಆಚೆ ಗುಡ್ಡದ ಮೇಲೆ ನಿಂತು ಯಾರೋ ಕೂಗುತ್ತಿದ್ದಾರೆ ಎಂದುಕೊಳ್ಳಿ. ನಿಮ್ಮ ಕಿವಿ ಆ ಕೂಗನ್ನು ಎಳೆದುಕೊಳ್ಳುತ್ತದೆಯೇ? ಇಲ್ಲ. ಬಂದಷ್ಟನ್ನು ಕೇಳುತ್ತದೆ. ಫೋನಿನ ಆಂಟೆನಾ ಅಂಥ ಒಂದು ಕಿವಿ. ಕೆಲವರ ಕಿವಿ ಸ್ವಲ್ಪ ಚುರುಕು, ಕೆಲವರದು ಸ್ವಲ್ಪ ಮಂದ. ಕೂಗೇ ತಲುಪದ ಕಡೆ ಯಾವ ಕಿವಿಯೂ ಕೇಳಲಾರದು.

ಕಡ್ಡಿಗಳನ್ನು ನಂಬಬಹುದೇ?

ಫೋನಿನ ಮೇಲ್ತುದಿಯಲ್ಲಿ ಕಾಣುವ ನಾಲ್ಕೈದು ಕಡ್ಡಿಗಳನ್ನು ನೋಡಿಯೇ ನಾವು ಟವರ್ ಇದೆ, ಇಲ್ಲ ಎನ್ನುತ್ತೇವೆ. ಆದರೆ ಎಷ್ಟು ಸಂಕೇತಕ್ಕೆ ಎಷ್ಟು ಕಡ್ಡಿ ಎಂಬುದಕ್ಕೆ ಎಲ್ಲ ಕಂಪನಿಗಳೂ ಒಪ್ಪಿದ ಒಂದೇ ನಿಯಮವಿಲ್ಲ. ಒಂದು ಕಂಪನಿ ಮೂರು ಕಡ್ಡಿ ತೋರಿಸುವ ಸಂಕೇತಕ್ಕೆ ಇನ್ನೊಂದು ಕಂಪನಿ ಎರಡೇ ತೋರಿಸಬಹುದು. ಆದ್ದರಿಂದ ಎರಡು ಫೋನುಗಳ ಕಡ್ಡಿಗಳನ್ನು ಹೋಲಿಸುವುದು, ಒಬ್ಬರ ಗೇಣನ್ನು ಇನ್ನೊಬ್ಬರ ಗೇಣಿನ ಜೊತೆ ಹೋಲಿಸಿದಂತೆ.

ಇದಕ್ಕೆ ಜಗತ್ತಿಗೇ ಗೊತ್ತಾದ ಒಂದು ಪ್ರಸಂಗವಿದೆ. 2010ರ ಜೂನ್ 24ರಂದು ಅಮೆರಿಕದ ಆಪಲ್ ಕಂಪನಿ ‘ಐಫೋನ್ 4’ ಎಂಬ ಮಾದರಿಯನ್ನು ಮಾರುಕಟ್ಟೆಗೆ ತಂದಿತು. ಅದರ ಸುತ್ತಲಿನ ಉಕ್ಕಿನ ಪಟ್ಟಿಯೇ ಆಂಟೆನಾ. ನೋಡಲು ಅಂದ, ಜಾಗವೂ ಉಳಿತಾಯ. ಆದರೆ ಎಡಗೈಯಲ್ಲಿ ಹಿಡಿದಾಗ ಅಂಗೈ ಪಟ್ಟಿಯ ಸಂದಿಗೆ ತಾಗಿ, ಕಡ್ಡಿಗಳು ಸರಸರನೆ ಇಳಿಯುತ್ತಿದ್ದವು. ಜನ ದೂರಿದರು. ಜುಲೈ 2ರಂದು ಕಂಪನಿ ಒಂದು ಪತ್ರ ಪ್ರಕಟಿಸಿತು. ಕಡ್ಡಿಗಳನ್ನು ಲೆಕ್ಕ ಹಾಕುವ ತನ್ನ ಸೂತ್ರವೇ ತಪ್ಪಾಗಿತ್ತು, ಎಷ್ಟೋ ಕಡೆ ಇರಬೇಕಾದುದಕ್ಕಿಂತ ಎರಡು ಕಡ್ಡಿ ಹೆಚ್ಚು ತೋರಿಸುತ್ತಿತ್ತು ಎಂದು ಅದರಲ್ಲಿ ಒಪ್ಪಿಕೊಂಡಿತು. ಜುಲೈ 16ರಂದು ಕೊಂಡವರಿಗೆಲ್ಲ ಉಚಿತವಾಗಿ ಹೊರಕವಚ ಕೊಡುವುದಾಗಿ ಘೋಷಿಸಿತು. ಕವಚ ಹಾಕಿದರೆ ಕೈ ನೇರವಾಗಿ ಲೋಹಕ್ಕೆ ತಾಗುವುದಿಲ್ಲವಲ್ಲ!

ಈ ಪ್ರಸಂಗದಲ್ಲಿ ನಮಗೆ ಎರಡು ಪಾಠಗಳಿವೆ. ಒಂದು, ಫೋನಿನ ರಚನೆಯಿಂದ ಸಂಕೇತಕ್ಕೆ ನಿಜವಾಗಿಯೂ ವ್ಯತ್ಯಾಸವಾಗುತ್ತದೆ. ಇನ್ನೊಂದು, ಆ ವ್ಯತ್ಯಾಸವನ್ನು ಕಡ್ಡಿ ಎಣಿಸಿ ಅಳೆಯಲಾಗದು.

ಹಾಗಾದರೆ ಯಾವುದರಿಂದ ಅಳೆಯಬೇಕು? ಹಲವು ಆಂಡ್ರಾಯ್ಡ್ ಫೋನುಗಳಲ್ಲಿ ಸೆಟ್ಟಿಂಗ್ಸ್ ತೆರೆದು, ‘ಅಬೌಟ್ ಫೋನ್’, ಅಲ್ಲಿ ‘ಸಿಮ್ ಸ್ಟೇಟಸ್’ ಎಂಬಲ್ಲಿ ನೋಡಿದರೆ ‘ಸಿಗ್ನಲ್ ಸ್ಟ್ರೆಂಥ್’ ಎಂದು ಒಂದು ಸಂಖ್ಯೆ ಇರುತ್ತದೆ. −95 ಡಿಬಿಎಂ, −110 ಡಿಬಿಎಂ, ಹೀಗೆ. ಡಿಬಿಎಂ ಎಂದರೆ ಒಂದು ಮಿಲಿವಾಟ್‌ಗೆ ಹೋಲಿಸಿ ಹೇಳುವ ಡೆಸಿಬೆಲ್ ಅಳತೆ. 0 ಡಿಬಿಎಂ ಎಂದರೆ ಸರಿಯಾಗಿ ಒಂದು ಮಿಲಿವಾಟ್. ಅಲ್ಲಿಂದ ಪ್ರತಿ 10 ಇಳಿದಾಗಲೂ ಶಕ್ತಿ ಹತ್ತನೇ ಒಂದು ಭಾಗವಾಗುತ್ತದೆ. −10 ಎಂದರೆ ಹತ್ತನೇ ಒಂದು, −20 ಎಂದರೆ ನೂರನೇ ಒಂದು. ಹೀಗೆ ಇಳಿಯುತ್ತಾ −100ಕ್ಕೆ ಬಂದರೆ, ಒಂದು ಮಿಲಿವಾಟ್‌ನ ಸಾವಿರ ಕೋಟಿಯಲ್ಲಿ ಒಂದು ಭಾಗ! ನಿಮ್ಮ ಮನೆಯ 9 ವಾಟ್‌ನ ಎಲ್‌ಇಡಿ ಬಲ್ಬು ಬಳಸುವುದು 9000 ಮಿಲಿವಾಟ್. ಫೋನಿನ ಕಿವಿ ಎಷ್ಟು ಸಣ್ಣ ಪಿಸುಮಾತನ್ನು ಕೇಳುತ್ತದೆ ಎಂದು ಈಗ ಗೊತ್ತಾಯಿತೆ?

ಇವು ಋಣ ಸಂಖ್ಯೆಗಳು ಎಂಬುದನ್ನು ಮರೆಯಬೇಡಿ. ಪೂರ್ಣಾಂಕಗಳ ಪಾಠದಲ್ಲಿ −90 ಎಂಬುದು −110ಕ್ಕಿಂತ ದೊಡ್ಡದು ಎಂದು ಕಲಿತಿದ್ದೀರಿ. ಇಲ್ಲಿಯೂ ಅಷ್ಟೇ. 4ಜಿ ಸಂಕೇತ −90ರ ಆಸುಪಾಸಿನಲ್ಲಿದ್ದರೆ ಚೆನ್ನಾಗಿದೆ ಎನ್ನಬಹುದು. −110ರ ಹತ್ತಿರ ಬಂದರೆ ದುರ್ಬಲ. −120 ದಾಟಿದರೆ ಕರೆ ಹತ್ತುವುದೇ ಕಷ್ಟ.

ನ್ಯಾಯವಾದ ಹೋಲಿಕೆ ಹೇಗೆ?

ಮಾರನೆಯ ಶನಿವಾರ ಶಾಲೆ ಬಿಟ್ಟ ಮೇಲೆ ಆರು ಮಕ್ಕಳು, ಮುಖ್ಯ ಶಿಕ್ಷಕರು ಮತ್ತು ನಾನು ಆ ಹುಡುಗಿಯ ಮನೆಗೆ ಹೊರಟೆವು. ನಮ್ಮ ಬಳಿ ನಾಲ್ಕು ಫೋನುಗಳಿದ್ದವು. ಅವಕ್ಕೆ ಅ, ಆ, ಇ, ಈ ಎಂದು ಚೀಟಿ ಅಂಟಿಸಿದೆವು. ‘ಅ’ ಹುಡುಗಿಯ ಅಪ್ಪನ ಐದು ವರ್ಷ ಹಳೆಯ ಫೋನು. ‘ಆ’ ನಾಲ್ಕರಲ್ಲಿ ಹೆಚ್ಚು ಬೆಲೆಯದು, ಹೊಸದು. ‘ಇ’ ನನ್ನದು. ‘ಈ’ ಮುಖ್ಯ ಶಿಕ್ಷಕರ ಮನೆಯಲ್ಲಿ ಮೂಲೆಗೆ ಬಿದ್ದಿದ್ದ ಹಳೆಯ 4ಜಿ ಫೋನು. ಕಂಪನಿಗಳ ಹೆಸರನ್ನು ಮಕ್ಕಳು ಪಟ್ಟಿಯಲ್ಲಿ ಬರೆಯಲಿಲ್ಲ. ಹೆಸರು ಕಂಡರೆ ಮನಸ್ಸು ಮೊದಲೇ ಒಂದು ಕಡೆ ವಾಲುತ್ತದೆ.

ಹೋಲಿಕೆ ನ್ಯಾಯವಾಗಿರಬೇಕಾದರೆ ಫೋನೊಂದನ್ನು ಬಿಟ್ಟು ಉಳಿದುದೆಲ್ಲ ಒಂದೇ ಆಗಿರಬೇಕು. ಏನೇನು ಒಂದೇ ಆಗಿರಬೇಕು ಎಂದು ಕೇಳಿದೆ. ಮಕ್ಕಳೇ ಒಂದೊಂದಾಗಿ ಹೇಳಿದರು. ಸಿಮ್ ಒಂದೇ ಇರಬೇಕು. ಬೇರೆ ಬೇರೆ ಸಿಮ್ ಹಾಕಿದರೆ ಗೋಪುರಗಳನ್ನು ಹೋಲಿಸಿದಂತಾಗುತ್ತದೆ, ಫೋನುಗಳನ್ನಲ್ಲ. ಜಾಗ ಒಂದೇ ಇರಬೇಕು. ಎತ್ತರವೂ ಒಂದೇ ಇರಲಿ ಎಂದು ಒಂದು ಮರದ ಸ್ಟೂಲನ್ನು ಹೊತ್ತು ತಂದರು. ಹೊರಕವಚ ತೆಗೆದಿಡಬೇಕು. ಎಲ್ಲ ಫೋನುಗಳೂ 4ಜಿಯಲ್ಲೇ ಇರಬೇಕು. 2ಜಿ ಮತ್ತು 4ಜಿಯ ಸಂಖ್ಯೆಗಳನ್ನು ಲೆಕ್ಕ ಹಾಕುವ ಬಗೆಯೇ ಬೇರೆಯಾದ್ದರಿಂದ ಅವನ್ನು ಅಕ್ಕಪಕ್ಕ ಇಡುವಂತಿಲ್ಲ ಎಂದು ನಾನು ಸೇರಿಸಿದೆ. ಅಳೆಯುವಾಗ ಯಾರೂ ಫೋನನ್ನು ಮುಟ್ಟಬಾರದು, ಸುತ್ತ ಮುತ್ತಿಕೊಳ್ಳಲೂಬಾರದು.

ಒಬ್ಬ ಹುಡುಗ, “ಒಂದು ಸಲ ನೋಡಿದ್ರೆ ಸಾಕಲ್ಲ ಮೇಡಂ?” ಎಂದ. ಒಂದು ನಿಮಿಷ ಸುಮ್ಮನೆ ನೋಡುತ್ತಿರು ಎಂದೆ. ಮುಟ್ಟದೆ ಇಟ್ಟ ಫೋನಿನಲ್ಲೂ ಸಂಖ್ಯೆ −112, −114, −113, −110, −116 ಎಂದು ಕುಣಿಯುತ್ತಲೇ ಇತ್ತು. ಅಲೆಗಳು ಗುಡ್ಡಕ್ಕೆ, ಮರಕ್ಕೆ, ಮಾಡಿಗೆ ಬಡಿದು ಹಲವು ದಾರಿಯಲ್ಲಿ ಬಂದು ಸೇರುತ್ತವೆ. ಕೆಲವೊಮ್ಮೆ ಒಂದನ್ನೊಂದು ಬಲಪಡಿಸುತ್ತವೆ, ಕೆಲವೊಮ್ಮೆ ಕುಗ್ಗಿಸುತ್ತವೆ. ಆದ್ದರಿಂದ ಪ್ರತಿ ಜಾಗದಲ್ಲಿ ಐದು ಸಲ ನೋಡಿ ಸರಾಸರಿ ತೆಗೆಯುವುದೆಂದು ತೀರ್ಮಾನವಾಯಿತು. ಮೇಲಿನ ಐದರ ಸರಾಸರಿ ಎಷ್ಟು? ಲೆಕ್ಕ ಮಾಡಿ. −113 ಬಂದರೆ ಸರಿ.

ಪಟ್ಟಿ ಹೇಳಿದ ಕಥೆ

ನಾಲ್ಕು ಜಾಗಗಳನ್ನು ಆರಿಸಿದೆವು. ಒಳಗಿನ ಕೋಣೆ, ಜಗಲಿ, ಅಂಗಳದಾಚೆಯ ಕೊಟ್ಟಿಗೆಯ ಮೂಲೆ, ಮತ್ತು ಅಪ್ಪ ಆ ರಾತ್ರಿ ಹತ್ತಿದ್ದ ಗುಡ್ಡದ ನೆತ್ತಿ. ಸರಾಸರಿಗಳು ಹೀಗೆ ಬಂದವು.

ಒಳಗಿನ ಕೋಣೆ: ಅ −121, ಆ −119, ಇ −120, ಈ ಸಂಕೇತ ಇಲ್ಲ.
ಜಗಲಿ: ಅ −113, ಆ −111, ಇ −114, ಈ −123.
ಕೊಟ್ಟಿಗೆಯ ಮೂಲೆ: ಅ −102, ಆ −101, ಇ −103, ಈ −110.
ಗುಡ್ಡದ ನೆತ್ತಿ: ಅ −88, ಆ −87, ಇ −88, ಈ −93.

ಮುಂದೆ ಓದುವ ಮೊದಲು ಈ ಪಟ್ಟಿಯನ್ನು ಒಂದು ನಿಮಿಷ ನೋಡಿ. ನಿಮಗೆ ಏನು ಕಾಣುತ್ತದೆ?

ಸಾಲಿನಲ್ಲಿ ಅಡ್ಡಡ್ಡ ನೋಡಿದರೆ ಅ, ಆ, ಇ ಫೋನುಗಳ ನಡುವೆ ವ್ಯತ್ಯಾಸ ಒಂದರಿಂದ ಮೂರು ಡೆಸಿಬೆಲ್ ಮಾತ್ರ. ಸಂಖ್ಯೆ ಕುಣಿಯುವುದೇ ಅಷ್ಟು ಇರುತ್ತದೆ. ಮೇಲಿಂದ ಕೆಳಗೆ ನೋಡಿದರೆ, ಅದೇ ‘ಅ’ ಫೋನು ಒಳಕೋಣೆಯಿಂದ ಗುಡ್ಡಕ್ಕೆ ಹೋಗುವಾಗ −121ರಿಂದ −88ಕ್ಕೆ ಏರಿದೆ. 33 ಡೆಸಿಬೆಲ್! ಅಂದರೆ ಸಂಕೇತ ಎರಡು ಸಾವಿರ ಪಟ್ಟು ಹೆಚ್ಚಾಯಿತು. ಜಗಲಿಯಿಂದ ಕೊಟ್ಟಿಗೆಯ ಮೂಲೆಗೆ ನಲವತ್ತು ಹೆಜ್ಜೆ. ಅಷ್ಟರಲ್ಲೇ 11 ಡೆಸಿಬೆಲ್, ಅಂದರೆ ಹತ್ತು ಪಟ್ಟಿಗೂ ಹೆಚ್ಚು. ಹೊಸ ಫೋನು ಕೊಡದಿದ್ದುದನ್ನು ನಲವತ್ತು ಹೆಜ್ಜೆ ಕೊಟ್ಟಿತು.

ಕೊಟ್ಟಿಗೆಯ ಮೂಲೆಯಲ್ಲೇ ಏಕೆ? ಮಕ್ಕಳು ಅಲ್ಲಿ ನಿಂತು ಸುತ್ತ ನೋಡಿದರು. ಮನೆಯ ಒಂದು ಬದಿಗೆ ಗುಡ್ಡ ಗೋಡೆಯಂತೆ ನಿಂತಿದೆ. ಜಗಲಿಯ ಮೇಲೆ ತಗಡಿನ ಶೀಟಿದೆ. ಒಳಕೋಣೆಗೆ ದಪ್ಪ ಜಂಬಿಟ್ಟಿಗೆಯ ಗೋಡೆ. ಕೊಟ್ಟಿಗೆಯ ಮೂಲೆಯಿಂದ ಮಾತ್ರ ಎರಡು ಗುಡ್ಡಗಳ ನಡುವಿನ ಸಂದಿ ಕಾಣುತ್ತದೆ. ಗೋಪುರ ಇರುವುದು ಅದೇ ದಿಕ್ಕಿನಲ್ಲಿ. ಅಲೆಗಳಿಗೆ ಅದೊಂದು ಕಿಟಕಿ.

‘ಈ’ ಫೋನಿನ ಕಥೆ ಬೇರೆ. ಅದು ಎಲ್ಲ ಕಡೆಯೂ ಹಿಂದೆ ಬಿದ್ದಿತ್ತು. ಫೋನಿನ ಮಾದರಿ ಲೆಕ್ಕಕ್ಕೇ ಇಲ್ಲ ಎಂದು ತೀರ್ಮಾನಿಸಲು ಹೊರಟವರಿಗೆ ಅದು ತಡೆ ಹಾಕಿತು. ನಮ್ಮ ದೇಶದಲ್ಲಿ ಮೊಬೈಲ್ ಸೇವೆಗೆ 700, 850, 900, 1800, 2100, 2300 ಮೆಗಾಹರ್ಟ್ಸ್ ಎಂದು ಹಲವು ಪಟ್ಟಿಗಳನ್ನು ಬಳಸುತ್ತಾರೆ. 2022ರ ಅಕ್ಟೋಬರ್ 1ರಂದು ಆರಂಭವಾದ 5ಜಿಗೆ 3300 ಮೆಗಾಹರ್ಟ್ಸ್‌ನ ಪಟ್ಟಿಯೂ ಸೇರಿದೆ. ಎಲ್ಲ ಫೋನುಗಳೂ ಎಲ್ಲ ಪಟ್ಟಿಗಳನ್ನು ಕೇಳಲಾರವು. ‘ಈ’ ಫೋನಿನ ವಿವರ ಹುಡುಕಿ ನೋಡಿದಾಗ ಗುಡ್ಡಗಳನ್ನು ಸುತ್ತಿ ಬರಬಲ್ಲ ಕಡಿಮೆ ಆವೃತ್ತಿಯ ಪಟ್ಟಿ ಅದರಲ್ಲಿ ಇರಲಿಲ್ಲ. ಉಳಿದ ಮೂರರಲ್ಲಿತ್ತು. ಬೆಲೆಗಿಂತ, ಹೊಸದು ಹಳೆಯದು ಎಂಬುದಕ್ಕಿಂತ, ಈ ಒಂದು ಸಂಗತಿ ಹೆಚ್ಚು ವ್ಯತ್ಯಾಸ ಮಾಡಿತ್ತು. ಇದಲ್ಲದೆ ಆಂಟೆನಾಗಳು ಎಷ್ಟು, ಎಲ್ಲಿವೆ, ಹಿಂಬದಿ ಲೋಹವೋ ಗಾಜೋ ಪ್ಲಾಸ್ಟಿಕ್ಕೋ ಎಂಬುದರಿಂದಲೂ ಫೋನುಗಳು ಬೇರೆಯಾಗುತ್ತವೆ. ಲೋಹದ ಫೋನಿನ ಹಿಂಬದಿಯಲ್ಲಿ ತೆಳುವಾದ ಪ್ಲಾಸ್ಟಿಕ್ ಗೆರೆ ಇರುವುದನ್ನು ನೋಡಿದ್ದೀರಾ? ಅದು ಅಲಂಕಾರವಲ್ಲ. ಆಂಟೆನಾ ಕೆಲಸ ಮಾಡಲೆಂದು ಬಿಟ್ಟ ಸಂದಿ.

ಕೊನೆಗೆ ಕೈಯ ಪರೀಕ್ಷೆಯನ್ನೂ ಮಾಡಿದೆವು. ಕೊಟ್ಟಿಗೆಯ ಮೂಲೆಯಲ್ಲಿ ಸ್ಟೂಲಿನ ಮೇಲೆ −102 ಇದ್ದ ‘ಅ’ ಫೋನು, ಕೆಳಭಾಗವನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಾಗ −107ಕ್ಕೆ ಇಳಿಯಿತು. ಫೋನು ಬದಲಾಯಿಸಿದ್ದಕ್ಕಿಂತ ಹಿಡಿಯುವ ರೀತಿ ಬದಲಾಯಿಸಿದ್ದರಿಂದಲೇ ಹೆಚ್ಚು ವ್ಯತ್ಯಾಸವಾಯಿತು!

ಹುಡುಗಿಯ ಅಪ್ಪ ಅಷ್ಟು ಹೊತ್ತೂ ಅಡಿಕೆ ಚಪ್ಪರದ ಕಂಬಕ್ಕೆ ಒರಗಿ ನೋಡುತ್ತಿದ್ದರು. ಮಗಳು ಪಟ್ಟಿಯನ್ನು ಓದಿ ಹೇಳಿದಳು. ಅವರು ಎರಡು ಸಲ ಕೇಳಿಸಿಕೊಂಡು, “ಹಂಗಾದ್ರೆ ಅಜ್ಜಿಗೆ ಹುಷಾರು ತಪ್ಪಿದ್ರೆ ಗುಡ್ಡ ಹತ್ತೋದು ಬ್ಯಾಡ, ಕೊಟ್ಟಿಗೆಗೆ ಹೋದ್ರೆ ಸಾಕು ಅಂತಲಾ?” ಎಂದರು. ಸಾಕು ಎಂದು ಹೇಳುವ ಮುಂಚೆ ಅಲ್ಲಿಂದಲೇ ಐದು ಸಲ ಕರೆ ಮಾಡಿ ನೋಡಿದೆವು. ಐದೂ ಹತ್ತಿದವು. ಮೂಲೆಯ ಕಂಬಕ್ಕೆ ಸುಣ್ಣದಿಂದ ಗುರುತು ಹಾಕಿದರು. ಮಾಡು ಇಳಿಜಾರಾಗಿ ಹೊರಚಾಚಿರುವುದರಿಂದ ಮಳೆಯಲ್ಲೂ ಅಲ್ಲಿ ನಿಲ್ಲಬಹುದು. ಹೊಸ ಫೋನಿನ ಕಂತಿನ ಮಾತು ಅಲ್ಲಿಗೆ ನಿಂತಿತು. ಮುಂದಿನ ಮಳೆಗಾಲದಲ್ಲಿ ಅಜ್ಜಿಗೆ ಮತ್ತೆ ಉಬ್ಬಸ ಬಂದಾಗ ಆ ಕಂಬದ ಪಕ್ಕದಿಂದಲೇ ಕರೆ ಹೋಯಿತು ಎಂದು ಹುಡುಗಿ ನನಗೆ ಹೇಳಿದಳು.

ಆ ಊರಿಗೆ ಟವರ್ ಸಮಸ್ಯೆ ತೀರಿತು ಎಂದು ಇದರ ಅರ್ಥವಲ್ಲ. ಗೋಪುರ ಹತ್ತಿರ ಬರಬೇಕೆಂಬ ಬೇಡಿಕೆ ನ್ಯಾಯವಾದುದೇ. 2021ರಲ್ಲಿ ಸುಳ್ಯ ತಾಲ್ಲೂಕಿನಲ್ಲಿ ಒಬ್ಬ ತಂದೆ ಮಳೆಯಲ್ಲಿ ರಸ್ತೆ ಬದಿ ಮಗಳಿಗೆ ಕೊಡೆ ಹಿಡಿದು ನಿಂತು ಆನ್‌ಲೈನ್ ಪಾಠ ಕೇಳಿಸಿದ ಚಿತ್ರ ಪತ್ರಿಕೆಗಳಲ್ಲಿ ಬಂದಿತ್ತು. ಮಲೆನಾಡು, ಕರಾವಳಿಯ ಎಷ್ಟೋ ಮಕ್ಕಳ ಪಾಡು ಅದೇ ಆಗಿತ್ತು. ಇಂಥ ಬೇಡಿಕೆ ಸಲ್ಲಿಸುವಾಗಲೂ “ಟವರ್ ಸಿಗಲ್ಲ” ಎನ್ನುವುದಕ್ಕಿಂತ ಅಳತೆಯ ಪಟ್ಟಿ ಜೊತೆಗಿದ್ದರೆ ಮಾತಿಗೆ ತೂಕ ಬರುತ್ತದೆ.

ವೈ-ಫೈ ಹೇಳಿದ್ದೇ ಬೇರೆ

ಸೋಮವಾರ ಅದೇ ನಾಲ್ಕು ಫೋನುಗಳನ್ನು ಶಾಲೆಯ ವೈ-ಫೈಗೆ ಹಚ್ಚಿ ನೋಡಿದೆವು. ಇಲ್ಲಿ ಗೋಪುರವಿಲ್ಲ. ಮುಖ್ಯ ಶಿಕ್ಷಕರ ಕೋಣೆಯಲ್ಲಿರುವ ಪುಟ್ಟ ರೂಟರ್ ಪೆಟ್ಟಿಗೆಯೇ ಗೋಪುರ. ಮೊಬೈಲ್ ಸಂಕೇತದಲ್ಲಿ ಒಂದು ಕೂದಲೆಳೆ ಮುಂದಿದ್ದ ‘ಆ’ ಫೋನು ವೈ-ಫೈಯಲ್ಲಿ ಮೂರನೆಯದಾಯಿತು. ಅಪ್ಪನ ಹಳೆಯ ‘ಅ’ ಫೋನು ಮೊದಲನೆಯದಾಯಿತು! ಮಕ್ಕಳು ಚಪ್ಪಾಳೆ ತಟ್ಟಿದರು. ಇದರಲ್ಲಿ ಆಶ್ಚರ್ಯವೇನಿಲ್ಲ. ವೈ-ಫೈಗೆ ಸಾಮಾನ್ಯವಾಗಿ ಬೇರೆಯೇ ಆಂಟೆನಾ ಇರುತ್ತದೆ, ಫೋನಿನ ಬೇರೆ ಮೂಲೆಯಲ್ಲಿ. ಒಂದರಲ್ಲಿ ಮುಂದಿರುವ ಫೋನು ಇನ್ನೊಂದರಲ್ಲೂ ಮುಂದಿರಬೇಕೆಂದಿಲ್ಲ.

ರೂಟರ್ ಎರಡು ಪಟ್ಟಿಗಳಲ್ಲಿ ಅಲೆ ಬಿಡುತ್ತಿತ್ತು. ‘ಅ’ ಫೋನಿನಲ್ಲಿ ನೋಡಿದಾಗ, ಪಕ್ಕದ ಕೋಣೆಯಲ್ಲಿ 2.4 ಗಿಗಾಹರ್ಟ್ಸ್ −58 ಇದ್ದರೆ 5 ಗಿಗಾಹರ್ಟ್ಸ್ −66 ಇತ್ತು. ಎರಡು ಗೋಡೆ ದಾಟಿ ಏಳನೇ ತರಗತಿಗೆ ಬರುವಷ್ಟರಲ್ಲಿ ಮೊದಲನೆಯದು −71, ಎರಡನೆಯದು −84. ಕಿರಿಯ ಅಲೆ ಗೋಡೆಗೆ ಬೇಗ ಸೋತಿತು. ‘ಈ’ ಫೋನಿನಲ್ಲಿ 5 ಗಿಗಾಹರ್ಟ್ಸ್‌ನ ಹೆಸರೇ ಕಾಣಿಸಲಿಲ್ಲ. ಅದಕ್ಕೆ ಆ ಪಟ್ಟಿ ಕೇಳಿಸುವುದೇ ಇಲ್ಲ.

ಆಗ ಒಬ್ಬ ಹುಡುಗ ರೂಟರ್ ಕಡೆ ಕೈ ತೋರಿಸಿದ. ಅದನ್ನು ಕಬ್ಬಿಣದ ಬೀರುವಿನ ಹಿಂದೆ ಇಟ್ಟಿದ್ದರು! ತೆಗೆದು ಕಿಟಕಿಯ ಪಕ್ಕದ ಮೇಜಿನ ಮೇಲೆ ಇಟ್ಟೆವು. ಏಳನೇ ತರಗತಿಯಲ್ಲಿ −71 ಇದ್ದುದು −62 ಆಯಿತು. ಖರ್ಚು ಸೊನ್ನೆ. ಅಂದಿನಿಂದ ಆ ತರಗತಿಯಲ್ಲಿ ಪಾಠದ ವಿಡಿಯೋ ತಡೆಯಿಲ್ಲದೆ ಓಡುತ್ತಿದೆ.

ಇನ್ನೊಂದು ವಿಷಯ. ದುರ್ಬಲ ಸಂಕೇತ ಇರುವಲ್ಲಿ ಫೋನಿನ ಬ್ಯಾಟರಿ ಬೇಗ ಮುಗಿಯುವುದನ್ನು ಗಮನಿಸಿದ್ದೀರಾ? ಗೋಪುರಕ್ಕೆ ಕೇಳಿಸಲೆಂದು ಫೋನು ತಾನೂ ಜೋರಾಗಿ ಕೂಗಬೇಕಾಗುತ್ತದೆ. ಗೋಪುರ ಹತ್ತಿರವಿದ್ದರೆ ಪಿಸುಗುಟ್ಟಿದರೆ ಸಾಕು. ದೂರವಿದ್ದರೆ 4ಜಿ ಫೋನು 200 ಮಿಲಿವಾಟ್‌ವರೆಗೂ ಶಕ್ತಿ ಹಾಕುತ್ತದೆ. ಮಳೆಗಾಲದಲ್ಲಿ ಕರೆಂಟು ಹೋದ ದಿನ ಇದನ್ನು ನೆನಪಿಡಿ. ಟವರ್ ಇಲ್ಲದ ಕೋಣೆಯಲ್ಲಿ ಫೋನು ಇಡಬೇಡಿ.

ನೀವೂ ಮಾಡಿ ನೋಡಿ

1. ಮನೆಯ ಹಿರಿಯರ ಒಪ್ಪಿಗೆ ಪಡೆದು, ಅವರ ಜೊತೆಯಲ್ಲೇ ಈ ಪ್ರಯೋಗ ಮಾಡಿ. ಟವರ್ ಹುಡುಕಲು ಮರ, ನೀರಿನ ಟ್ಯಾಂಕು ಹತ್ತಬೇಡಿ. ಗುಡುಗು ಸಿಡಿಲು ಇರುವಾಗ ಗುಡ್ಡದ ಮೇಲೆ ನಿಲ್ಲಬೇಡಿ.

2. ಮನೆಯ ನಕ್ಷೆ ಬಿಡಿಸಿ. ಕನಿಷ್ಠ ಆರು ಜಾಗ ಗುರುತಿಸಿ. ಪ್ರತಿ ಜಾಗದಲ್ಲಿ ಫೋನನ್ನು ಸ್ಟೂಲಿನ ಮೇಲಿಟ್ಟು ಐದು ಸಲ ಡಿಬಿಎಂ ಸಂಖ್ಯೆ ಬರೆದುಕೊಂಡು ಸರಾಸರಿ ತೆಗೆಯಿರಿ.

3. ಒಂದೇ ಸಿಮ್ಮನ್ನು ಎರಡು ಫೋನುಗಳಲ್ಲಿ ಹಾಕಿ ಅದೇ ಜಾಗದಲ್ಲಿ ಹೋಲಿಸಿ. ಅಳೆಯುವ ಮೊದಲು ಯಾವುದು ಮುಂದಿರಬಹುದು ಎಂದು ಊಹಿಸಿ ಬರೆದಿಡಿ. ಊಹೆ ತಪ್ಪಾದರೆ ಅಳಿಸಬೇಡಿ.

4. ಫೋನಿನ ಮತ್ತು ರೂಟರ್‌ನ ನಡುವೆ ಮರದ ಹಲಗೆ, ಸ್ಟೀಲ್ ಪರಾತ, ನೀರು ತುಂಬಿದ ಕೊಡ ಒಂದೊಂದಾಗಿ ಇಟ್ಟು ಸಂಖ್ಯೆ ಹೇಗೆ ಬದಲಾಗುತ್ತದೆ ನೋಡಿ. ಶಾಲೆಯಲ್ಲಿ ರೂಟರ್ ಇಲ್ಲದಿದ್ದರೆ ಶಿಕ್ಷಕರ ಫೋನಿನ ಹಾಟ್‌ಸ್ಪಾಟ್ ಬಳಸಬಹುದು. ವೈ-ಫೈನ ಸಂಖ್ಯೆ ತೋರಿಸುವ ಉಚಿತ ಆ್ಯಪ್‌ಗಳಿವೆ, ಶಿಕ್ಷಕರನ್ನು ಕೇಳಿ.

5. ನಿಮ್ಮ ಮನೆಯಲ್ಲಿ ಅತಿ ಹೆಚ್ಚು ಸಂಕೇತ ಸಿಗುವ, ಮಳೆಯಲ್ಲೂ ನಿಲ್ಲಬಹುದಾದ ಜಾಗ ಯಾವುದು? ಅದನ್ನು ಮನೆಯವರಿಗೆಲ್ಲ ತೋರಿಸಿ. ನಿಮ್ಮ ಕಂಪನಿಯ ಸಂಕೇತ ಇಲ್ಲದಿದ್ದರೂ, ಬೇರೆ ಕಂಪನಿಯ ಸಂಕೇತ ತಲುಪುತ್ತಿದ್ದರೆ ತುರ್ತು ಸಂಖ್ಯೆ 112ಕ್ಕೆ ಕರೆ ಹೋಗುವ ಏರ್ಪಾಡು ಫೋನುಗಳಲ್ಲಿ ಇದೆ ಎಂಬುದನ್ನೂ ತಿಳಿಸಿ. ಆಟಕ್ಕಾಗಿ ಆ ಸಂಖ್ಯೆಗೆ ಎಂದೂ ಕರೆ ಮಾಡಬೇಡಿ.

ತರಗತಿಯ ಎಲ್ಲರ ಪಟ್ಟಿಗಳನ್ನು ಸೇರಿಸಿದರೆ ನಿಮ್ಮ ಊರಿನ ಟವರ್ ನಕ್ಷೆಯೇ ಸಿದ್ಧವಾಗುತ್ತದೆ. ಆ ಶಾಲೆಯ ಮಕ್ಕಳು ಹಾಗೆ ಮಾಡಿದ ನಕ್ಷೆ ಈಗ ಅವರ ಗ್ರಾಮ ಪಂಚಾಯಿತಿಯ ಗೋಡೆಯ ಮೇಲಿದೆ. ನಿಮ್ಮ ನಕ್ಷೆಯಲ್ಲಿ ಯಾವ ಜಾಗ ಮೊದಲು ಬಂತು, ಏಕೆ ಎಂದು ಯೋಚಿಸಿ ನಮಗೆ ಬರೆಯಿರಿ.